ಎರಡು ಬೆರಳಿನ ನೆರಳು

ಹಸಿ ಜೇಡಿಮಣ್ಣಿನ ವಾಸನೆ ಬಂದರೆ ನನಗೆ ಬಾಯಲ್ಲಿ ನೀರೂರುತ್ತದೆ. ನಗಬೇಡಿ. ಚಿಕ್ಕಂದಿನಲ್ಲಿ ಕದ್ದು ಮಣ್ಣು ತಿಂದವರ ನಾಲಿಗೆ ಎಷ್ಟು ಮುದಿಯಾದರೂ ಆ ರುಚಿ ಮರೆಯುವುದಿಲ್ಲ. ಮೊನ್ನೆ ಭಾನುವಾರ ಬೆಳಿಗ್ಗೆ ಮಂಡ್ಯದ ಗುತ್ತಲಿನ ನಮ್ಮ ಮನೆಯ ಜಗಲಿಯ ತುಂಬ ಆ ವಾಸನೆ ಹಬ್ಬಿತ್ತು. ಇದೇನಪ್ಪಾ ಎಂದು ಎದ್ದು ಬಂದು ನೋಡಿದರೆ, ನನ್ನ ಮೊಮ್ಮಗಳು ಸಿಂಚನ ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು, ಅವರಮ್ಮ ಸಂಡಿಗೆ ಒಣಗಿಸುವ ದೊಡ್ಡ ತಗಡಿನ ತಟ್ಟೆಯಲ್ಲಿ ಒಂದು ಊರನ್ನೇ ಕಟ್ಟುತ್ತಾ ಕುಳಿತಿದ್ದಳು. ನಡುವೆ ನೀಲಿ ಬಟ್ಟೆಯ ಹೊಳೆ, ಹೊಳೆಯಿಂದ ಕವಲೊಡೆದ ಕಾಲುವೆಗಳು, ಬೆಂಕಿಪೊಟ್ಟಣದಷ್ಟು ಮನೆಗಳು, ದಿಬ್ಬದ ಮೇಲೆ ಒಬ್ಬ ರಾಜ.

"ಸ್ಕೂಲಿನ ಪ್ರಾಜೆಕ್ಟು ಕಣಜ್ಜಿ. ನದಿ ಬಯಲಿನ ನಾಗರಿಕತೆ," ಎಂದಳು.

ನಾಗರಿಕತೆ ಎಂಬ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿದ ಹೆಣ್ಣು ನಮ್ಮ ವಂಶದಲ್ಲಿ ಇವಳೇ ಮೊದಲು. ನನಗೆ ಆದ ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳಲಿ? ನಾನು ಓದಿದ್ದು ಎರಡನೇ ತರಗತಿ. ಅದರಲ್ಲೂ ಅರ್ಧ ದಿನ ಎಮ್ಮೆ ಮೇಯಿಸಲು ರಜ. ಎದುರುಮನೆಯವರನ್ನು ಕೂಗಿ ಕರೆದು ತೋರಿಸಿದೆ, ಹಾಲು ಹಾಕಲು ಬಂದವನನ್ನೂ ನಿಲ್ಲಿಸಿ ತೋರಿಸಿದೆ. ಪಾಪ, ಅವನು ಕೈಯಲ್ಲಿ ಲೀಟರು ಹಿಡಿದುಕೊಂಡು ರಾಜನಿಗೆ ಕೈ ಮುಗಿದು ಹೋದ. ಸಂತೋಷ ಹೆಚ್ಚಾದಾಗ ನನ್ನ ಕೈ ಸುಮ್ಮನಿರುವುದಿಲ್ಲ. ಕಾಲುವೆಯ ದಂಡೆಯಲ್ಲಿ ಅವಳು ಸಾಲಾಗಿ ಇಟ್ಟಿದ್ದ ಬೆಣಚುಕಲ್ಲುಗಳಲ್ಲಿ ಒಂದು ಸೊಟ್ಟಗೆ ಕಂಡಿತು. ಸರಿ ಮಾಡೋಣವೆಂದು ಬೆರಳು ಚಾಚಿದೆ.

"ಅಜ್ಜೀ! ಕಲ್ಲು ಮುಟ್ಬೇಡ! ಅಳತೆ ಮಾಡಿ ಇಟ್ಟಿದ್ದೀನಿ!"

ಕೆಂಡ ಮುಟ್ಟಿದಂತೆ ಕೈ ಹಿಂದಕ್ಕೆ ಬಂತು. ಮಗು ಹೆದರಿತು. "ಬೈದಿದ್ದಲ್ಲ ಕಣಜ್ಜಿ," ಎಂದಿತು. ನಾನು ನಕ್ಕೆ. ಆದರೆ ನನ್ನೊಳಗೆ ಒಬ್ಬಳು ನಗಲಿಲ್ಲ. ಅವಳಿಗೆ ಹತ್ತು ವರ್ಷ, ಲಂಗದ ಮಡಿಲಲ್ಲಿ ಹುಣಸೆಬೀಜ, ಕೈಯಲ್ಲಿ ಒಂದು ನುಣುಪು ಬಿಲ್ಲೆಕಲ್ಲು. ಆವತ್ತು ಅವಳಿಗೆ ಯಾರಾದರೂ ಇದೇ ಮಾತನ್ನು ಇದೇ ಜೋರಿನಲ್ಲಿ ಹೇಳಬಾರದಿತ್ತೆ!

ಮಣ್ಣು ಒಣಗಲಿ ಎಂದು ಸಿಂಚನ ಪುಸ್ತಕ ತಂದು ನನಗೆ ಪಾಠ ಓದಿ ಹೇಳಿದಳು. ನನಗೆ ಅರ್ಥವಾದಷ್ಟು ಹೇಳುತ್ತೇನೆ, ತಪ್ಪಿದ್ದರೆ ಕ್ಷಮಿಸಿ. ಬಹಳ ಹಿಂದೆ, ಎಲ್ಲೆಲ್ಲೋ ದೊಡ್ಡ ಹೊಳೆಗಳ ದಂಡೆಯಲ್ಲಿ ಜನ ನೆಲೆ ನಿಂತು ಕಾಲುವೆ ತೋಡಿದರಂತೆ. ನೀರು ಹಂಚಿಕೊಳ್ಳಬೇಕಾದವರಿಗೆ ಮೊದಲು ಬೇಕಾದದ್ದು ಸರದಿ. ಸರದಿಗೆ ಒಂದು ಕಟ್ಟಳೆ, ಕಟ್ಟಳೆ ನಡೆಸುವುದಕ್ಕೆ ಒಬ್ಬ ಒಡೆಯ, ಒಡೆಯನ ಮಾತು ನಡೆಯಬೇಕಾದರೆ ಅವನ ಬೆನ್ನಿಗೆ ಒಬ್ಬ ದೇವರು. ಹೀಗೆ ಕಾನೂನು, ರಾಜ್ಯ, ಧರ್ಮ ಮೂರೂ ಒಂದೇ ಕಾಲುವೆಯ ನೀರು ಕುಡಿದು ಬೆಳೆದವಂತೆ. ಮೊದಮೊದಲು ರಾಜನೂ ಪೂಜಾರಿಯೂ ನ್ಯಾಯ ಹೇಳುವವನೂ ಒಬ್ಬನೇ ಆಗಿರುತ್ತಿದ್ದನಂತೆ.

"ಅಯ್ಯೋ, ಇದೆಲ್ಲಾ ನಮ್ಮೂರಲ್ಲೇ ಇತ್ತಲ್ಲೇ! ಬೋರಯ್ಯ ಇದ್ದರಲ್ಲ!" ಎಂದು ಬಿಟ್ಟೆ. ಬಾಯಿ ನನ್ನದೇ, ಆದರೆ ನನ್ನನ್ನು ಕೇಳದೆ ಆಡಿತು. ಅಷ್ಟು ವರ್ಷ ಆ ಹೆಸರನ್ನು ನಾನು ಯಾರ ಮುಂದೆಯೂ ಎತ್ತಿರಲಿಲ್ಲ.

ನನ್ನ ತವರು ಮಂಡ್ಯಕ್ಕೂ ಮದ್ದೂರಿಗೂ ನಡುವೆ, ರೈಲಿನ ಕೂಗು ಕೇಳುವಷ್ಟು ದೂರದ ಸಣ್ಣ ಊರು. ನಾಲೆಯ ನೀರು ಬಂದು ಆಗ ಇನ್ನೂ ಕೆಲವೇ ವರ್ಷ. ರಾಗಿ ಮುದ್ದೆ ಬಿಟ್ಟು ಬೇರೆ ಕಾಣದವರು ಭತ್ತ, ಕಬ್ಬು ಎಂದು ಮಾತಾಡಲು ಕಲಿಯುತ್ತಿದ್ದರು. ದೊಡ್ಡ ನಾಲೆಯನ್ನು ಸರ್ಕಾರದವರು ನೋಡಿಕೊಳ್ಳುತ್ತಿದ್ದರು. ಊರ ಕಾಲುವೆ ಮಾತ್ರ ಬೋರಯ್ಯನವರದು. ಅವರು ನೀರುಗಂಟಿ, ಅಂದರೆ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚಿ ಬಿಡುವವರು. ಕೆರೆ ನೀರಿನ ಕಾಲದಿಂದಲೂ ಅವರ ಮನೆತನಕ್ಕೇ ಆ ಕೆಲಸ. ಅವರದು ಊರಾಚೆಯ ಕೇರಿ. ಅಂಗೈಯಗಲ ಗದ್ದೆಯೂ ಇರಲಿಲ್ಲ. ಇಲ್ಲದ್ದಕ್ಕೇ ಆ ಕೆಲಸ. "ಗದ್ದೆ ಇದ್ದೋನ ಕೈಗೆ ನೀರು ಕೊಟ್ರೆ, ನೀರು ಅವನ ಗದ್ದೆಗೇ ದಾರಿ ಕಲ್ತ್ಕತದೆ," ಎಂದು ನಮ್ಮಪ್ಪ ಹೇಳುತ್ತಿದ್ದ. ನಾವು ಮಕ್ಕಳು ಕೂಡ ಅವರನ್ನು 'ಬೋರ' ಎಂದೇ ಕರೆಯುತ್ತಿದ್ದೆವು. ಅಜ್ಜನಾಗಬೇಕಾದ ವಯಸ್ಸಿನವರನ್ನು! ಊರಿಗೆಲ್ಲ ನೀರು ಕೊಡುವವರು ನಮ್ಮ ಮನೆ ಮುಂದೆ ಬಾಯಾರಿ ನಿಂತರೆ, ಅವ್ವ ಮೇಲಿನಿಂದ ಅವರ ಬೊಗಸೆಗೆ ನೀರು ಸುರಿಯುತ್ತಿದ್ದಳು. ಇದು ಸರಿಯೇ ಎಂದು ಕೇಳಬೇಕೆನ್ನುವುದೂ ನನಗೆ ತೋಚಿರಲಿಲ್ಲ. ಸೂರ್ಯ ಮೂಡಣದಲ್ಲಿ ಹುಟ್ಟುವ ಹಾಗೆ ಅದೂ ಒಂದು ಎಂದುಕೊಂಡಿದ್ದೆ.

ಆದರೆ ವರ್ಷದಲ್ಲಿ ಒಂದು ದಿನ ಬೇರೆ ಸೂರ್ಯ ಹುಟ್ಟುತ್ತಿದ್ದ. ಮೊದಲ ನೀರು ಬಿಡುವ ದಿನ ಬೋರಯ್ಯ ಉಪವಾಸವಿದ್ದು, ಮಿಂದು, ತೂಬಿನ ಬಾಯಿಗೆ ಅರಿಸಿನ ಕುಂಕುಮ ಇಟ್ಟು ಗಂಗಮ್ಮನ ಪೂಜೆ ಮಾಡುತ್ತಿದ್ದರು. ಆವತ್ತು ಪಟೇಲರು ಕೂಡ ಎಕ್ಕಡ ಬಿಟ್ಟು, ತಲೆಯ ವಸ್ತ್ರ ತೆಗೆದು ಅವರೆದುರು ನಿಂತುಕೊಳ್ಳಬೇಕು. "ಬುಡ್ಲಾ ಬುದ್ಧಿ?" ಎಂದು ಬೋರಯ್ಯ ಕೇಳುವರು. "ಬುಡಪ್ಪ," ಎನ್ನುವರು ಪಟೇಲರು. ಆ 'ಅಪ್ಪ' ವರ್ಷಕ್ಕೆ ಒಂದೇ ಸಲ ಬರುತ್ತಿದ್ದ. ಮರುದಿನ ಮತ್ತೆ "ಲೇ ಬೋರ".

ಅವರ ಗಡಿಯಾರವನ್ನು ನೀವು ನೋಡಬೇಕಿತ್ತು. ತೂಬಿನ ಪಕ್ಕ ಒಂದು ಕಲ್ಲು ಚಪ್ಪಡಿ, ಅದರ ಕುಳಿಯಲ್ಲಿ ನೆಟ್ಟ ಒಂದು ಕೋಲು, ಸುತ್ತ ಬಳೆಯ ಚೂರಿನಂತೆ ಬಾಗಿದ ಸಾಲಿನಲ್ಲಿ ಮನೆಗೊಂದು ಕಲ್ಲು. ಶಿಂಷಾ ಹೊಳೆಯಿಂದ ಆಯ್ದು ತಂದ ಚಪ್ಪಟೆ ಕಲ್ಲುಗಳು. ಕೋಲಿನ ನೆರಳು ನಿಮ್ಮ ಕಲ್ಲಿಗೆ ಬಂತೋ, ನಿಮ್ಮ ನೀರು ಶುರು; ಮುಂದಿನ ಕಲ್ಲಿಗೆ ಹೋಯಿತೋ, ನಿಮ್ಮ ಗದ್ದೆಯ ಬಾಯಾದ ಮಡವೆಗೆ ಮಣ್ಣು ಬಿತ್ತು. ಯಾರಾದರೂ ಇನ್ನೊಂದು ಚೂರು ಎಂದು ಗೋಗರೆದರೆ ಬೋರಯ್ಯ ಗುದ್ದಲಿ ಊರಿ ನಗುವರು. "ನಾ ಏಳಾದಲ್ಲ ಬುದ್ಧಿ, ಕಲ್ಲು ಏಳ್ತದೆ. ಕಲ್ಲು ಕೇಳಿ." ಸಭೆ ಸೇರದೆ ಕಲ್ಲು ಸರಿಸಿದವನು ಗಂಗಮ್ಮನ ಕಣ್ಣು ಕಿತ್ತವನಿಗೆ ಸಮ ಎಂದು ಊರ ಮಾತು.

ನಮ್ಮ ಸರದಿ ಮುಗಿದರೆ ನಿಂಗವ್ವನದು. ಗಂಡ ಸತ್ತ ಹೆಂಗಸು, ತುಂಡು ಗದ್ದೆ, ಅವಳ ಸರದಿ ನಾಲ್ಕು ಬೆರಳಷ್ಟು ನೆರಳು. ಅವಳ ಕಲ್ಲು ಮಾತ್ರ ಉಳಿದವುಗಳಿಗಿಂತ ಚೆಂದ. ದುಂಡಗೆ, ತೆಳ್ಳಗೆ, ಬೆರಳಲ್ಲಿ ಹಿಡಿದರೆ ಬೆಣ್ಣೆ. ಕುಂಟೆಬಿಲ್ಲೆ ಆಡಿದವರಿಗೆ ಗೊತ್ತು, ಅಂಥ ಬಿಲ್ಲೆ ಸಿಕ್ಕರೆ ಆಟ ಗೆದ್ದಂತೆಯೇ. ಒಂದು ದಿನ ಬೋರಯ್ಯ ಕೆಳಗೆಲ್ಲೋ ಕಾಲುವೆ ಏರಿ ಜಿನುಗುತ್ತಿದೆಯೆಂದು ನೋಡಲು ಹೋಗಿದ್ದರು. ನಾನು ಆ ಕಲ್ಲು ಎತ್ತಿಕೊಂಡೆ. ಪಕ್ಕದ ಹಾದಿಯಲ್ಲೇ ಮನೆ ಗೀಚಿ ಆಡಿದೆ, ಗೆದ್ದೆ. ಅವ್ವ ಕೂಗಿದಳು. ಓಡಿಬಂದು ಕಲ್ಲನ್ನು ಎಲ್ಲಿತ್ತೋ ಅಲ್ಲಿ ಇಟ್ಟೆ.

ಎಲ್ಲಿತ್ತೋ ಅಲ್ಲಿ ಎಂದುಕೊಂಡಿದ್ದೆ. ಎರಡು ಬೆರಳು ಮುಂದೆ ಇಟ್ಟಿದ್ದೆ.

ಎರಡು ಬೆರಳು ನಮ್ಮ ಗದ್ದೆಗೆ ಸೇರಿತು, ನಿಂಗವ್ವನಿಗೆ ಅರ್ಧ ಸರದಿ ಹೋಯಿತು. ಎರಡು ವಾರದಲ್ಲಿ ಅವಳ ಭತ್ತದ ಒಟ್ಲು, ಅಂದರೆ ಸಸಿಮಡಿ, ಹಳದಿಯಾಯಿತು. ನಮ್ಮದು ಹಸಿರೋ ಹಸಿರು. ಬೋರಯ್ಯನವರಿಗೆ ಕಣ್ಣು ಮಂಜಾಗುತ್ತಿದ್ದ ಕಾಲ, ಅವರು ತಮ್ಮ ಅಂದಾಜಿಗಿಂತ ಕಲ್ಲನ್ನೇ ನಂಬಿದ್ದರು. ಸಾಲದ್ದಕ್ಕೆ, ಮಳೆಯಲ್ಲಿ ನೆನೆಯುತ್ತಾನೆಂದು ನಮ್ಮಪ್ಪ ಅದೇ ದಿನಗಳಲ್ಲಿ ಅವರಿಗೆ ಒಂದು ಹಳೇ ಕಂಬಳಿ ಕೊಟ್ಟಿದ್ದ.

ನಿಂಗವ್ವನ ಬಾಯಿ ನಮ್ಮೂರಲ್ಲಿ ಹೆಸರುವಾಸಿ. ಏರಿಯ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಏನ್ಲಾ ಬೋರ, ಗೌಡ್ರು ಕಂಬ್ಳಿ ಒದಿಸುದ್ರು ಅಂತ ನೆಳ್ಳುಗೂ ಕಂಬ್ಳಿ ಮುಚ್ಬುಟ್ಯಾ? ಗಂಡಿಲ್ದ ಮನೆ ಗದ್ದೆ, ಒಣಗ್ಲಿ ಅಂತ್ಲಾ?"

"ನಾನ್ಯಾಕವ್ವ ಅಂಗ್ ಮಾಡ್ಲಿ? ಕಲ್ಲು..."

"ಕಲ್ಲಿನ ಕಾಲು ಮುರೀಲಿ! ಕಲ್ಲು ತಾನೇ ನಡ್ಕಂಡು ಓಯ್ತಾ?"

ಬೋರಯ್ಯ ಬಗ್ಗಿ ನೋಡಿದರು. ಕಲ್ಲಿನ ಹಳೆಯ ಜಾಗದಲ್ಲಿ ಹುಲ್ಲಿಲ್ಲದ ದುಂಡು ಗುರುತು ಇನ್ನೂ ಇತ್ತು. ಕಲ್ಲನ್ನು ಕೈಗೆತ್ತಿಕೊಂಡು ತಿರುಗಿಸಿದರು. ಅಂಚು ಉಜ್ಜಿ ಸವೆದಿತ್ತು. ಅಲ್ಲೇ ಹಾದಿಯಲ್ಲಿ ನಾವು ದಿನಾ ಗೀಚುವ ಕುಂಟೆಬಿಲ್ಲೆಯ ಮನೆಗಳು. ಅವರು ಆ ಮನೆಗಳನ್ನು ನೋಡಿದರು. ಆಮೇಲೆ ಅಪ್ಪನ ಪಂಚೆಯ ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ಅಷ್ಟೆ.  ನನ್ನ ಬಾಯಿ ಹುಣಸೆಬೀಜದ ಹಾಗೆ ಗಟ್ಟಿಯಾಗಿ ಮುಚ್ಚಿಕೊಂಡಿತು.

ಅಪ್ಪನಿಗೆ ಮರ್ಯಾದೆ ಪ್ರಶ್ನೆ. ಕಂಬಳಿ ಕೊಟ್ಟು ನೀರು ಕದ್ದ ಎಂದರೆ ಸುಮ್ಮನಿರುತ್ತಾನೆಯೆ? "ಆಣೆ ಆಗ್ಲಿ ಪಟೇಲ್ರೇ," ಎಂದ. ಬೋರಯ್ಯ ಗುಡಿಯ ಒಳಗೆ ಬರುವ ಹಾಗಿರಲಿಲ್ಲ, ಆದ್ದರಿಂದ ಆಣೆ ಕಾಲುವೆಯಲ್ಲೇ. ಮೊಣಕಾಲು ನೀರಿನಲ್ಲಿ ನಿಂತು ಮೂರು ಸಲ ಬೊಗಸೆಯಲ್ಲಿ ನೀರೆತ್ತಿ ಬಿಟ್ಟರು.

"ಈ ಕಲ್ಲ ನಾನು ಸರಿಸಿಲ್ಲ. ಸರಿಸಿದ್ರೆ ಮೂರು ದಿನದೊಳ್ಗೆ ಗಂಗಮ್ಮ ಬಾಯಿ ಮುಚ್ಕಳ್ಳಿ."

"ಸರಿಸಿದೋರು ಯಾರು ಅಂತ ಗೊತ್ತೇನ್ಲಾ?" ಪಟೇಲರು ಕೇಳಿದರು.

ಬೋರಯ್ಯ ನೀರನ್ನೇ ನೋಡುತ್ತಿದ್ದರು. "ನನ್ ಮ್ಯಾಲೆ ಆಣೆ ಇಕ್ಕಂಡಿವ್ನಿ ಬುದ್ಧಿ. ಇನ್ನೊಬ್ರ ಮ್ಯಾಲೆ ಇಕ್ಕಲ್ಲ."

ನಾನು ಆಗ ಲೆಕ್ಕ ಹಾಕಿದ್ದು ಹೀಗೆ: ಬೋರಯ್ಯ ಹೇಳಿದ್ದು ನಿಜ, ಗಂಗಮ್ಮನಿಗೂ ಅದು ಗೊತ್ತು. ಮೂರು ದಿನ ನೀರು ಹರಿಯುತ್ತದೆ, ಅವರು ಗೆಲ್ಲುತ್ತಾರೆ. ದೇವರೇ ಸಾಕ್ಷಿಗೆ ನಿಂತಿರುವಾಗ ನಾನು ಯಾಕೆ ಬಾಯಿ ಬಿಟ್ಟು ಅಪ್ಪನ ಕೈಲಿ ಬಾರುಕೋಲಿನ ಏಟು ತಿನ್ನಲಿ? ನೋಡಿ, ಹೇಡಿಗೆ ಭಕ್ತಿ ಎಷ್ಟು ಬೇಗ ಬರುತ್ತದೆ!

ಎರಡನೆಯ ದಿನ ಬೆಳಿಗ್ಗೆ ಮಕ್ಕಳೆಲ್ಲ ಕೇಕೆ ಹಾಕುತ್ತಿದ್ದರು. "ಮೀನು! ಮೀನು!" ನಾನೂ ಓಡಿದೆ. ಕಾಲುವೆಯಲ್ಲಿ ನೀರಿಲ್ಲ. ಕೆಸರಿನ ಗುಂಡಿಗಳಲ್ಲಿ ಮೀನು ಪಟಪಟ ಬಡಿದುಕೊಳ್ಳುತ್ತಿದ್ದವು. ಲಂಗ ಎತ್ತಿ ಕಟ್ಟಿ, ಮಡಿಲ ತುಂಬ ಹಿಡಿದೆ. ಆಮೇಲೆ ತಲೆ ಎತ್ತಿದರೆ ಏರಿಯ ಮೇಲೆ ಬೋರಯ್ಯ ನಿಂತಿದ್ದರು, ಒಣಗಿದ ಕಾಲುವೆಯನ್ನು ನೋಡುತ್ತಾ. ನನ್ನ ಮಡಿಲಿನ ಮೀನೆಲ್ಲ ಕೆಳಗೆ ಬಿದ್ದವು.

ಆವತ್ತೇ ತೀರ್ಪು: ತಪ್ಪು ಬೋರನದೇ, ಕೆಲಸ ಬಿಡಬೇಕು. ಬೋರಯ್ಯ ಗುದ್ದಲಿಯನ್ನೂ ಕೋಲನ್ನೂ ಚಪ್ಪಡಿಯ ಮೇಲೆ ಇಟ್ಟರು. ಕಂಬಳಿಯನ್ನು ಮಡಿಸಿ ನಮ್ಮ ಜಗಲಿಯ ಕೆಳಗೆ ಇಟ್ಟರು.  ನನಗನ್ನಿಸುತ್ತದೆ, ಅವರಿಗೆ ಊರಿನ ಮೇಲೆ ಸಿಟ್ಟಿರಲಿಲ್ಲ, ಗಂಗಮ್ಮನ ಮೇಲೆ ಇತ್ತು. ಅಷ್ಟು ವರ್ಷ ಪೂಜೆ ಮಾಡಿದವರಿಗೆ ಅವಳು ಹೀಗೆ ಮಾಡಬಹುದೆ? ನಾನೋ, ಗಂಗಮ್ಮ ಬಾಯಿ ಮುಚ್ಚಿದ್ದು ನನ್ನ ಬಾಯಿ ಮುಚ್ಚಿದ್ದಕ್ಕೇ ಎಂದು ನಡುಗಿ ಜ್ವರ ಬಂದು ಮಲಗಿದೆ. ಜ್ವರ ಬಂದಿತೇ ಹೊರತು ಮಾತು ಬರಲಿಲ್ಲ.

ಆರನೆಯ ದಿನ ನೀರು ಬಂತು. ಅದರ ಹಿಂದೆಯೇ ನಾಲೆಯ ಕಡೆಯ ಒಬ್ಬರು ಸೈಕಲ್ಲಿನಲ್ಲಿ ಬಂದು, ಮೇಲೆ ಒಂದು ಕಡೆ ಏರಿ ಕುಸಿದಿತ್ತು, ಮಣ್ಣು ಹಾಕಿಸಲು ನೀರು ನಿಲ್ಲಿಸಿದ್ದೆವು, ಎಲ್ಲಾ ಊರಿಗೂ ನಿಂತಿತ್ತು ಎಂದು ಹೇಳಿ, ಮಜ್ಜಿಗೆ ಕುಡಿದು ಹೋದರು.  ಮೊದಲು ಬಾಯಿ ಬಿಟ್ಟವಳು, ನೀವು ನಂಬಬೇಕು, ನಿಂಗವ್ವ.

"ಅಂಗಾರೆ ಬೋರಂದೇನೂ ತಪ್ಪಿಲ್ಲ ಕಣ್ರಪ್ಪ. ನಾನೇ ಬಾಯಿಗ್ ಬಂದಂಗ್ ಅಂದ್ಬುಟ್ಟೆ. ಕರ್ಸಿ ಅವುನ್ನ."

ಪಟೇಲರು ಮೀಸೆ ಸವರಿಕೊಂಡರು. "ನೀರು ನಿಲ್ಸಿದ್ದು ನಾಲೆಯೋರೇ ಕಣವ್ವ. ಅವರ ಕೈಲಿ ನಿಲ್ಸಿದೋಳು ಯಾರು? ಇಷ್ಟು ದಿನ ಕುಸೀದಿದ್ದ ಏರಿ, ಬೋರ ಆಣೆ ಮಾಡಿದ್ ಮಾರ್ನೆ ದಿನ್ವೇ ಯಾಕ್ ಕುಸೀತು?"

ಯಾರಿಗೂ ಉತ್ತರ ಹೊಳೆಯಲಿಲ್ಲ. ಅಪ್ಪ ಕೂಡ "ಹರಿದ ನೀರು ತಿರುಗಿ ಬಂದದಾ?" ಎಂದು ಎದ್ದುಬಿಟ್ಟ. ಉತ್ತರ ಇದ್ದದ್ದು ಒಬ್ಬಳ ಹತ್ತಿರ. ಅವಳು ಕಂಬದ ಮರೆಯಲ್ಲಿ ನಿಂತು ಜಡೆಯ ತುದಿ ಕಚ್ಚುತ್ತಿದ್ದಳು. ಬೋರಯ್ಯ ಮಳವಳ್ಳಿ ಕಡೆ ಮಗಳ ಊರಿಗೆ ಹೊರಟುಹೋದರು. ಅವರ ಜಾಗಕ್ಕೆ ಬಂದವನು ಗದ್ದೆ ಇದ್ದವನು. ನಿಂಗವ್ವನ ನೀರು ನಾಲ್ಕು ಬೆರಳಿಗೆ ಮತ್ತೆಂದೂ ಬರಲಿಲ್ಲ.

ಮಕ್ಕಳ ತಪ್ಪು, ಬಿಡಿ ಎನ್ನುತ್ತೀರಿ. ಅಲ್ಲಿಗೇ ನಿಂತಿದ್ದರೆ ನಾನೂ ಬಿಡುತ್ತಿದ್ದೆ. ನನ್ನನ್ನು ದುದ್ದದ ಕಡೆ ಕೊಟ್ಟು ಮದುವೆ ಮಾಡಿದರು. ಸ್ವಾತಂತ್ರ್ಯ ಬಂದ ವರ್ಷ. ಅತ್ತೆಯ ಜೊತೆ ಅವರ ನೆಂಟರ ಮನೆಗೆಂದು ಮಳವಳ್ಳಿಗೆ ಹೋಗಿದ್ದೆ. ಸಂತೆಯಲ್ಲಿ ಒಬ್ಬ ಮುದುಕರು ಕತ್ತಾಳೆ ಹಗ್ಗ ಮಾರುತ್ತಾ ಕುಳಿತಿದ್ದರು. ಅತ್ತೆ ಎಮ್ಮೆಗೆ ಹಗ್ಗ ಎಳೆದು ನೋಡುತ್ತಿದ್ದಾಗ ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನ ಮುಖವನ್ನೇ ನೋಡಿದರು. ಬೊಚ್ಚು ಬಾಯಿ ಅರಳಿತು.

"ಏನ್ ತಾಯಿ, ಚೆಂದಾಗಿದ್ದೀಯಾ? ಕುಂಟೆಬಿಲ್ಲೆ ಈಗ್ಲೂ ಆಡ್ತೀಯಾ?"

ಆ ಮಾತಿನಲ್ಲಿ ಚುಚ್ಚು ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇರಲಿಲ್ಲ. ಊರ ಕಡೆಯ ಮಗು ಸಿಕ್ಕಿತೆಂಬ ಸಂತೋಷ ಇತ್ತು.

"ಯಾರವ್ವ ಅವ್ನು?" ಅತ್ತೆ ಕೇಳಿದರು.

"ಯಾರೋ ಕಾಣೆ ಅತ್ತೆ," ಎಂದೆ. ಹದಿನಾರು ವರ್ಷದವಳು, ಬುದ್ಧಿ ಬಲಿತವಳು. ಅವರು ನಗುವುದನ್ನು ನಿಲ್ಲಿಸಿ, ಹಗ್ಗವನ್ನು ಸುರುಳಿ ಸುತ್ತತೊಡಗಿದರು. ಆಮೇಲೆ ನಾನು ಅವರನ್ನು ನೋಡಲಿಲ್ಲ.

ಇಷ್ಟನ್ನೂ ಸಿಂಚನಳಿಗೆ ಹೇಳಿದೆನೆ? ಇಲ್ಲ. ಪೂಜೆ, ನೆರಳಿನ ಕೋಲು, ಪಟೇಲರ ಬರಿಗಾಲು, ಇವನ್ನೆಲ್ಲ ಉಕ್ಕಿ ಉಕ್ಕಿ ಹೇಳಿದೆ. ಆಣೆಯನ್ನೂ ಹೇಳಿದೆ. "ಯಾರೋ ಕಲ್ಲು ಸರಿಸಿಬಿಟ್ಟರು" ಎಂದು ಆ 'ಯಾರೋ' ಹಿಂದೆ ಜಾಣತನದಿಂದ ಅಡಗಿಕೊಂಡೆ. ಸಂತೆಯ ಮಾತು ಎತ್ತಲೇ ಇಲ್ಲ. ಅವಳು ಪುಸ್ತಕದ ಪುಟ ತಿರುವಿ ಕುಣಿದಳು.

"ಅಜ್ಜೀ, ಇಲ್ಲೂ ಹಂಗೇ ಇದೆ! ಎರಡು ನದಿ ಮಧ್ಯದ ದೇಶದಲ್ಲಿ ಒಬ್ಬ ರಾಜ ಕಲ್ಲಿನ ಮೇಲೆ ಕಾನೂನು ಕೆತ್ತಿಸಿದ್ದನಂತೆ. ಮಾಟ ಮಾಡಿದ್ದಾನೆ ಅಂತ ಯಾರ ಮೇಲಾದ್ರೂ ದೂರು ಬಂದ್ರೆ ಅವನನ್ನ ನದಿಗೆ ಇಳಿಸ್ತಿದ್ರಂತೆ. ಮುಳುಗಿದ್ರೆ ತಪ್ಪು ಮಾಡಿದ್ದಾನೆ ಅಂತ, ಬದುಕಿದ್ರೆ ಮಾಡಿಲ್ಲ ಅಂತ. ಎಷ್ಟು ದಡ್ರು ಅಲ್ವಾ? ನದಿಗೇನು ಗೊತ್ತಿರುತ್ತೆ? ಗೊತ್ತಿರೋರು ದಡದ ಮೇಲೆ ನಿಂತಿರ್ತಾರೆ!"

 ಹನ್ನೊಂದು ವರ್ಷದ ಮಗು! ಅಷ್ಟು ವರ್ಷ ನನ್ನ ಎದೆಯಲ್ಲಿ ಕುಳಿತ ಕಲ್ಲನ್ನು ಒಂದು ಮಾತಿನಲ್ಲಿ ಎತ್ತಿ ತಿರುಗಿಸಿ ನೋಡಿದಂತಾಯಿತು. ಹೆಮ್ಮೆ, ನಾಚಿಕೆ ಎರಡೂ ಒಂದೇ ತೂಬಿನಲ್ಲಿ ನುಗ್ಗಿ ಬಂದವು.

"ಆ ಕಲ್ಲು ಸರಿಸಿದ್ದು ಯಾರಜ್ಜಿ? ಕೊನೆಗೂ ಗೊತ್ತಾಯ್ತಾ?"

"ನಾನೇ ಕಣಮ್ಮ."

ಹೇಳಿಬಿಟ್ಟೆ. ಕುಂಟೆಬಿಲ್ಲೆಯನ್ನೂ ಹೇಳಿದೆ, ಮೀನನ್ನೂ ಹೇಳಿದೆ, ಮಳವಳ್ಳಿಯ ಹಗ್ಗವನ್ನೂ ಹೇಳಿದೆ. ಅವಳು ನನ್ನನ್ನು ತಬ್ಬಿಕೊಳ್ಳಲಿಲ್ಲ. ಹೋಗ್ಲಿ ಬಿಡಜ್ಜಿ ಎನ್ನಲೂ ಇಲ್ಲ. ಮಣ್ಣಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನು ಹೊಸಬರನ್ನು ನೋಡುವಂತೆ ನೋಡಿದಳು.

"ಆಗ ಚಿಕ್ಕವಳು, ಸರಿ. ದೊಡ್ಡವಳಾದ ಮೇಲೆ ಯಾಕೆ ಹೇಳಲಿಲ್ಲ?"

ನಾನು ತಟ್ಟೆಯ ಅಂಚಿಗೆ ಮೆತ್ತಿದ್ದ ಮಣ್ಣನ್ನು ಉಗುರಿನಿಂದ ಕೆರೆಯತೊಡಗಿದೆ.  

ಅವಳು ಒಂದು ಹಿಡಿ ಜೇಡಿ ನನ್ನ ಅಂಗೈಗೆ ಇಟ್ಟಳು. "ಬೋರಯ್ಯಜ್ಜನ್ನ ನೀನೇ ಮಾಡು. ಹೇಗಿದ್ದರು ಅಂತ ನನಗೆ ಗೊತ್ತಿಲ್ಲ."

ಬೋರಯ್ಯಜ್ಜ! ನಮ್ಮ ಮನೆಯ ಬಾಯಿಂದ ಆ ಮಾತು ಬಂತು. ನನ್ನ ಬೆರಳುಗಳಿಗೆ ರೊಟ್ಟಿ ತಟ್ಟಿ ಗೊತ್ತೇ ಹೊರತು ಗೊಂಬೆ ಮಾಡಿ ಗೊತ್ತಿಲ್ಲ. ಮಾಡಿದ ಮೇಲೆ ನೋಡಿದರೆ ಬೋರಯ್ಯ ರಾಜನಿಗಿಂತ ಎತ್ತರವಾಗಿದ್ದರು. "ಟೀಚರ್ ಕೇಳ್ತಾರೆ, ಯಾರಿದು ಅಂತ," ಎಂದಳು. "ನ್ಯಾಯವಾಗಿ ನೀರು ಹಂಚಿದವರು ಅಂತ ಹೇಳು. ಕಲ್ಲು ಸರಿಸಿದ್ದು ಯಾರು ಅಂತಲೂ ಒಂದು ಚೀಟಿಯಲ್ಲಿ ಬರಿ." "ಅಜ್ಜಿ ಅಂತ ಬರೀಲಾ, ಹೆಸರು ಬರೀಲಾ?" "ಹೆಸರು ಬರಿ," ಎಂದೆ. ಬರೆದಳು. ಅಕ್ಷರಕ್ಕೆ ಅಕ್ಷರ ಜೋಡಿಸಿ ಓದಿ ನೋಡಿದೆ. ನನ್ನದೇ.

ಕಾಲುವೆಯ ಬಾಯಿಗೆ ಅವರನ್ನು ನಿಲ್ಲಿಸಿದೆವು. ಸಿಂಚನ ಪೊರಕೆಕಡ್ಡಿಯೊಂದನ್ನು ಮುರಿದು ಮಣ್ಣಿಗೆ ನೆಟ್ಟಳು, ಬೆಣಚುಕಲ್ಲುಗಳನ್ನು ಸುತ್ತ ಜೋಡಿಸಿದಳು. ಒಂದು ಕಲ್ಲನ್ನು ಮಾತ್ರ ನನ್ನ ಕೈಗೆ ಕೊಟ್ಟು, "ಇದನ್ನ ನೀನು ಇಡು," ಎಂದಳು. ಬೆರಳಿಂದ ಅಳೆದೆ. ಇನ್ನೊಂದು ಸಲ ಅಳೆದೆ. ಇಟ್ಟೆ.

ಅಷ್ಟರಲ್ಲಿ ಬಿಸಿಲು ಜಗಲಿಗೆ ಏರಿತ್ತು. ಕಡ್ಡಿಯ ನೆರಳು ತೆಳ್ಳಗೆ ಬಿದ್ದಿತ್ತು, ನಾನಿಟ್ಟ ಆ ನಿಂಗವ್ವನ ಕಲ್ಲಿಗೆ ಇನ್ನೂ ದೂರ. ಸೊಸೆ ಒಳಗಿನಿಂದ ತಿಂಡಿಗೆ ಕರೆದಳು. "ನೀವು ತಿನ್ನಿ, ಬತ್ತೀನಿ," ಎಂದೆ. ಎರಡು ಕೈಯನ್ನೂ ಮಡಿಲಲ್ಲಿ ಕಟ್ಟಿಕೊಂಡು, ಏನನ್ನೂ ಮುಟ್ಟದೆ, ನೆರಳು ಕಲ್ಲಿಗೆ ಬರುವವರೆಗೂ ಕುಳಿತಿದ್ದೆ.